ಹಡಗುಗಳ ತನಿಖೆ: ಯಾರ ಹೊಣೆ?

ಸ್ವರಾಜ್ಯವು ಕೈಗೆ ಬರಲು ಒಂದು ತಿಂಗಳೂ ಉಳಿದಿರದ ಕಾಲದಲ್ಲಿ, ಎಂದರೆ ೧೯೪೭ನೆಯ ಜುಲೈ ೧೭ರಂದು, ಮುಂಬಯಿಯ ಭಾವೂಚಾ ಧಕ್ಕೆಯಿಂದ ಬೆಳಿಗ್ಗೆ ರೇವಸಕ್ಕೆಂದು ಹೊರಟ ‘ರಾಮದಾಸ’ವೆಂಬ ಆಗಬೋಟು ಗುರಿ ಮುಟ್ಟಲಿಲ್ಲ. ಹೊರಗೆ ಮಳೆ, ಗಾಳಿ, ಉಬ್ಬಿದ ಕಡಲು. ಒಳಗೆ ಅಮಾವಾಸ್ಯೆಯ ಹಬ್ಬಕ್ಕಾಗಿ ತಮ್ಮ ಊರುಗಳಿಗೆ ಹೊರಟ ಕೊಂಕಣದ ಜನ. ದೊಡ್ಡ ತೆರೆಯೊಂದು ಬಡಿದಾಗ ಹಡಗು ವಾಲಿತು, ಹೆದರಿದ ಜನರು ಒಂದೇ ಬದಿಗೆ ಸರಿದರು, ಹಡಗು ಮಗುಚಿತು. ಮುಂಬಯಿಯಿಂದ ಕೆಲವೇ ಮೈಲುಗಳ ಅಂತರದಲ್ಲಿ ಆರುನೂರಕ್ಕೂ ಹೆಚ್ಚು ಜೀವಗಳು ನೀರುಪಾಲಾದವು. ಇಷ್ಟು ದೊಡ್ಡ ಅನಾಹುತದ ವಾರ್ತೆಯು ಪಟ್ಟಣಕ್ಕೆ ತಿಳಿದದ್ದು ಗಂಟೆಗಳ ತರುವಾಯ, ಈಜಿ ದಡ ಸೇರಿದವರ ಬಾಯಿಂದ.

ಈ ಹಳೆಯ ದುಃಖವನ್ನು ಇಂದು ನೆನೆಯುವದಕ್ಕೆ ಕಾರಣವುಂಟು. ‘ರಾಮದಾಸ’ವು ಪರದೇಶೀ ಕಂಪನಿಯ ಹಡಗಾಗಿರಲಿಲ್ಲ. ನಮ್ಮ ಜನರೇ ಹಣ ಕೂಡಿಸಿ ಕಟ್ಟಿದ ಸಹಕಾರಿ ನೌಕಾ ಕಂಪನಿಯೊಂದರದಾಗಿತ್ತು; ಜನರು ಆ ಕಂಪನಿಯನ್ನು ‘ನನ್ನ ಆಗಬೋಟು ಕಂಪನಿ’ ಎಂದು ಅಭಿಮಾನದಿಂದ ಕರೆಯುತ್ತಿದ್ದರು. ೧೯೦೬ರಲ್ಲಿ ಚಿದಂಬರಂ ಪಿಳ್ಳೆಯವರು ತೂತ್ತುಕುಡಿಯಲ್ಲಿ ಸ್ವದೇಶೀ ನೌಕಾ ಕಂಪನಿಯನ್ನು ಕಟ್ಟಿದಂದಿನಿಂದಲೂ, ೧೯೧೯ನೆಯ ಏಪ್ರಿಲ್ ೫ರಂದು ಸಿಂಧಿಯಾ ಕಂಪನಿಯ ‘ಲಾಯಲ್ಟಿ’ಯು ಮುಂಬಯಿಯಿಂದ ಲಂಡನ್ನಿಗೆ ಹೊರಟಂದಿನಿಂದಲೂ, ಸ್ವಂತ ಹಡಗು ಎಂಬದು ನಮಗೆ ಸ್ವಾಭಿಮಾನದ ಮಾತು. ಅದು ಸರಿಯೇ. ಆದರೆ ಹಡಗು ಸ್ವದೇಶಿಯಾದ ಮಾತ್ರಕ್ಕೆ ತೆರೆಯು ಅದಕ್ಕೆ ದಯೆ ತೋರಿಸುವದಿಲ್ಲ. ಪರರ ಆಡಳಿತದಲ್ಲಿ ಇಂಥ ಅನಾಹುತವಾದರೆ ಬೈಯಲಿಕ್ಕೆ ಪರರಿದ್ದರು. ಆಡಳಿತವು ನಮ್ಮದಾದ ಮೇಲೆ ನಮ್ಮ ಜನರ ಪ್ರಾಣಗಳಿಗೆ ಉತ್ತರವನ್ನು ನಾವೇ ಕೊಡಬೇಕಾಗಿದೆ. ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನ ಮೀರಿದೆ. ಈ ಉತ್ತರವನ್ನು ನಾವು ಸರಿಯಾಗಿ ಕೊಡುತ್ತಿದ್ದೇವೆಯೇ?

ಕಳೆದ ಕೆಲವು ವರುಷಗಳ ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. ೨೦೧೯ನೆಯ ಜನವರಿ ೨೧ರಂದು ಕಾರವಾರದ ಬಳಿಯ ಕೂರ್ಮಗಡದ ನರಸಿಂಹ ದೇವರ ಜಾತ್ರೆಗೆ ಹೋದ ಜನರಿದ್ದ ದೋಣಿಯು ಮಗುಚಿ ೧೬ ಜನರು ಸತ್ತರು. ಕಡಲನ್ನು ಹೆಚ್ಚಾಗಿ ಕಂಡರಿಯದ ಹಾವೇರಿಯ ಕಡೆಯವರೂ ಅವರಲ್ಲಿದ್ದರು. ೨೦೨೩ನೆಯ ಮೇ ೭ರಂದು ಕೇರಳದ ತಾನೂರಿನ ಅಳಿವೆಯಲ್ಲಿ ವಿಹಾರದ ದೋಣಿಯೊಂದು ಬುಡಮೇಲಾಗಿ ೨೨ ಜನರು ಮಡಿದರು. ಅದು ಮೊದಲು ಮೀನು ಹಿಡಿಯುವ ದೋಣಿಯಾಗಿದ್ದು, ಆಮೇಲೆ ಮೇಲಂತಸ್ತು ಕಟ್ಟಿ ಪ್ರವಾಸಿಗರಿಗಾಗಿ ಮಾರ್ಪಡಿಸಿದ್ದಾಗಿತ್ತು. ೨೦೨೪ನೆಯ ಡಿಸೆಂಬರ್ ೧೮ರಂದು ಮುಂಬಯಿಯಿಂದ ಘಾರಾಪುರಿಗೆ ಹೊರಟಿದ್ದ ‘ನೀಲಕಮಲ’ಕ್ಕೆ ನೌಕಾದಳದ ವೇಗದೋಣಿಯೊಂದು ಡಿಕ್ಕಿ ಹೊಡೆದು ೧೫ ಜನರು ಗತಪ್ರಾಣರಾದರು. ಡಿಕ್ಕಿಯ ತಪ್ಪು ಪ್ರಯಾಣಿಕರ ದೋಣಿಯದಲ್ಲವೆಂದು ಒಪ್ಪಿದರೂ, ೮೪ ಪ್ರಯಾಣಿಕರಿಗೆ ಅನುಮತಿಯಿದ್ದ ಆ ದೋಣಿಯಲ್ಲಿ ನೂರರಷ್ಟು ಜನರಿದ್ದರೆಂಬ ಸಂಗತಿಯು ಉಳಿದೇ ಉಳಿಯುತ್ತದೆ. ಈ ಮೂರು ಅನಾಹುತಗಳೂ ದಡದ ಕಣ್ಣಳತೆಯಲ್ಲಿ, ಹಾಡುಹಗಲಲ್ಲಿ ಅಥವಾ ಮುಸ್ಸಂಜೆಯಲ್ಲಿ ಆದವು. ಬಿರುಗಾಳಿಯ ಮೇಲೆ ತಪ್ಪು ಹೊರಿಸುವದಕ್ಕೆ ಇಲ್ಲಿ ಅವಕಾಶವಿಲ್ಲ.

ಪ್ರತಿ ಅನಾಹುತದ ತರುವಾಯ ನಡೆಯುವ ವಿಧಿಯು ನಮ್ಮ ಜನರಿಗೆ ಚೆನ್ನಾಗಿ ಪರಿಚಿತವಾಗಿದೆ. ಮಂತ್ರಿಗಳು ಧಾವಿಸಿ ಬರುತ್ತಾರೆ, ಪರಿಹಾರಧನವು ಸಾರಲ್ಪಡುತ್ತದೆ, ಚೌಕಶಿಗೆ ಅಪ್ಪಣೆಯಾಗುತ್ತದೆ, ಎಂಟು ದಿನ ಧಕ್ಕೆಯಲ್ಲಿ ಜನರನ್ನು ಎಣಿಸಿ ಹತ್ತಿಸಲಾಗುತ್ತದೆ. ಒಂಬತ್ತನೆಯ ದಿನಕ್ಕೆ ಎಲ್ಲವೂ ಮೊದಲಿನಂತೆ. ಬೆಂಕಿ ಹತ್ತಿದಾಗ ಬಾವಿ ತೋಡುವ ಈ ಪದ್ಧತಿಯನ್ನು ಬಿಟ್ಟು, ಬಾವಿಯನ್ನು ಮೊದಲೇ ತೋಡಿಡುವ ಕೆಲಸಕ್ಕೇ ಹಡಗುಗಳ ತನಿಖೆ ಅಥವಾ ಸರ್ವೆ ಎಂದು ಹೆಸರು. ಸರಕಾರದ ಇತರ ಕೆಲಸಗಳಂತೆ ಇದಕ್ಕೆ ಮೆರವಣಿಗೆಯಿಲ್ಲ, ಉದ್ಘಾಟನೆಯಿಲ್ಲ. ಇದು ಚೆನ್ನಾಗಿ ನಡೆದರೆ ಯಾವ ವಾರ್ತೆಯೂ ಹುಟ್ಟುವದಿಲ್ಲ. ಆದುದರಿಂದಲೇ ಇದರ ಕಡೆಗೆ ಜನರ ಲಕ್ಷ್ಯ ಕಡಿಮೆ, ಸರಕಾರದ ಲಕ್ಷ್ಯ ಇನ್ನೂ ಕಡಿಮೆ.

ತನಿಖೆಯೆಂದರೆ ಏನು? ಹಡಗನ್ನು ನೀರಿನಿಂದ ಮೇಲಕ್ಕೆಳೆದು ಅಥವಾ ಡ್ರೈ ಡಾಕಿನಲ್ಲಿ ನಿಲ್ಲಿಸಿ, ಅದರ ತಳವನ್ನು ಕಣ್ಣಾರೆ ನೋಡುವದು. ತುಕ್ಕು ತಿಂದು ಸವೆದ ಉಕ್ಕಿನ ತಗಡು ಇನ್ನೆಷ್ಟು ದಪ್ಪ ಉಳಿದಿದೆಯೆಂಬದನ್ನು ಧ್ವನಿತರಂಗದ ಉಪಕರಣದಿಂದ ಅಳೆಯುವದು. ಚುಕ್ಕಾಣಿ, ಯಂತ್ರ, ನೀರು ಹೊರಹಾಕುವ ಪಂಪು, ಬೆಂಕಿ ಆರಿಸುವ ಪಂಪು ಇವುಗಳನ್ನು ನಡೆಸಿ ನೋಡುವದು. ಜೀವರಕ್ಷಕ ದೋಣಿಗಳನ್ನು ನಿಜವಾಗಿ ನೀರಿಗಿಳಿಸಿ ಪರೀಕ್ಷಿಸುವದು. ಲೈಫ್ ಜಾಕೆಟುಗಳನ್ನು ಒಂದೊಂದಾಗಿ ಎಣಿಸುವದು. ದೀಪ, ನಿಸ್ತಂತು, ದಿಕ್ಸೂಚಿಗಳನ್ನು ಒರೆಗೆ ಹಚ್ಚುವದು. ಕಪ್ತಾನನಿಂದ ಖಲಾಸಿಯವರೆಗೆ ಪ್ರತಿಯೊಬ್ಬನ ಯೋಗ್ಯತಾಪತ್ರವನ್ನು ನೋಡುವದು. ಎಲ್ಲಕ್ಕಿಂತ ಮುಖ್ಯವಾಗಿ, ಗೊತ್ತಾದ ತೂಕವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿ, ಹಡಗು ಎಷ್ಟು ವಾಲುತ್ತದೆ, ಮರಳಿ ನೆಟ್ಟಗಾಗುವ ಶಕ್ತಿ ಅದಕ್ಕೆ ಎಷ್ಟಿದೆಯೆಂಬದನ್ನು ಲೆಕ್ಕ ಹಾಕುವದು. ಜನರು ಒಂದೇ ಬದಿಗೆ ಓಡಿದಾಗ ದೋಣಿಯು ತಡೆದೀತೇ ಇಲ್ಲವೇ ಎಂಬದು ಈ ಪರೀಕ್ಷೆಯಿಂದಲೇ ತಿಳಿಯತಕ್ಕದ್ದು. ಮೀನಿನ ದೋಣಿಯ ಮೇಲೆ ಮೇಲಂತಸ್ತು ಕಟ್ಟಿದರೆ ಅದರ ಭಾರದ ಕೇಂದ್ರವು ಮೇಲಕ್ಕೇರುತ್ತದೆ. ಮೇಲಂತಸ್ತಿನಲ್ಲಿ ಜನ ತುಂಬಿದರೆ ಇನ್ನೂ ಮೇಲಕ್ಕೆ. ಮೊದಲಿನ ಪರೀಕ್ಷೆಯು ಮೊದಲಿನ ದೋಣಿಗೆ ಮಾತ್ರ ಸಲ್ಲುವದು. ಹೊಸ ಬಣ್ಣ ಬಳಿದ ದೋಣಿಗೆ ಅಲ್ಲ.

ಅಂತರರಾಷ್ಟ್ರೀಯ ನಿಯಮಗಳಂತೆ ಪ್ರಯಾಣಿಕರ ಹಡಗಿಗೆ ಈ ಪರೀಕ್ಷೆಯು ವರುಷಕ್ಕೊಮ್ಮೆ ಪೂರ್ಣವಾಗಿ ಆಗಬೇಕು. ಸರಕಿನ ಹಡಗಿಗೆ ಐದು ವರುಷಕ್ಕೊಮ್ಮೆ ದೊಡ್ಡ ತನಿಖೆ, ನಡುವೆ ಪ್ರತಿವರುಷ ಚಿಕ್ಕ ತನಿಖೆ, ಐದು ವರುಷಗಳಲ್ಲಿ ಎರಡು ಸಲ ತಳದ ತನಿಖೆ. ಇವೆಲ್ಲ ಆಕಾಶದಿಂದ ಉದುರಿದ ನಿಯಮಗಳಲ್ಲ. ಪ್ರತಿಯೊಂದು ನಿಯಮದ ಹಿಂದೆಯೂ ಮುಳುಗಿದ ಹಡಗೊಂದಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಂಡದ ಹಡಗು ಮಾಲೀಕರಲ್ಲಿ ಕೆಲವರು ಕೊಳೆತ ಹಡಗುಗಳನ್ನು ಮಿತಿಮೀರಿ ತುಂಬಿ, ಬೆಲೆಗಿಂತ ಹೆಚ್ಚಿನ ವಿಮೆ ಮಾಡಿಸಿ ಕಡಲಿಗೆ ಬಿಡುತ್ತಿದ್ದರು. ಹಡಗು ಮುಟ್ಟಿದರೆ ಬಾಡಿಗೆಯ ಲಾಭ, ಮುಳುಗಿದರೆ ವಿಮೆಯ ಲಾಭ; ನಷ್ಟವೆಲ್ಲ ನಾವಿಕರ ಹೆಂಡಿರು ಮಕ್ಕಳಿಗೆ. ಇಂಥ ಹಡಗುಗಳಿಗೆ ‘ಶವಪೆಟ್ಟಿಗೆಯ ಹಡಗು’ಗಳೆಂದು ಹೆಸರಾಯಿತು. ಡರ್ಬಿಯ ಪ್ರತಿನಿಧಿಯಾದ ಸ್ಯಾಮ್ಯುಅಲ್ ಪ್ಲಿಮ್‌ಸಾಲ್ ಎಂಬವರು ೧೮೭೩ರಲ್ಲಿ ನಾವಿಕರ ಪರವಾಗಿ ಗ್ರಂಥ ಬರೆದರು. ೧೮೭೫ರಲ್ಲಿ ಮಂತ್ರಿಮಂಡಲವು ಸುಧಾರಣೆಯ ಮಸೂದೆಯನ್ನು ಕೈಬಿಡಹೊರಟಾಗ ಪಾರ್ಲಿಮೆಂಟಿನ ಸಭೆಯಲ್ಲಿಯೇ ಮುಷ್ಟಿ ಬಿಗಿದು ಗರ್ಜಿಸಿದರು. ಸಭೆಯ ಮರ್ಯಾದೆ ಮೀರಿದರೆಂದು ಅವರನ್ನು ಆಕ್ಷೇಪಿಸಿದವರಿದ್ದರು. ಆದರೆ ಜನಮತವು ಅವರ ಬೆನ್ನಿಗೆ ನಿಂತಿತು. ೧೮೭೬ರ ಕಾನೂನಿನಿಂದ ಹಡಗಿನ ಪಕ್ಕಕ್ಕೆ ಭಾರರೇಖೆಯ ಗುರುತು ಬಂದಿತು. ಆದರೆ ಆ ರೇಖೆಯನ್ನು ಎಲ್ಲಿ ಎಳೆಯಬೇಕೆಂಬದನ್ನು ಮಾಲೀಕನ ಇಚ್ಛೆಗೇ ಬಿಡಲಾಗಿತ್ತು! ಸರಕಾರವೇ ಸ್ಥಾನವನ್ನು ಗೊತ್ತುಪಡಿಸುವದಕ್ಕೆ ೧೮೯೦ರವರೆಗೆ ಕಾಯಬೇಕಾಯಿತು. ಇದರ ಪಾಠವು ಇಂದಿಗೂ ಸಲ್ಲುತ್ತದೆ: ಕಾನೂನು ಮಾಡಿದ ಮಾತ್ರಕ್ಕೆ ಕೆಲಸ ಮುಗಿಯುವದಿಲ್ಲ, ರೇಖೆಯನ್ನು ಎಳೆಯುವ ಕೈ ಯಾರದೆಂಬದರ ಮೇಲೆ ಎಲ್ಲವೂ ನಿಂತಿದೆ.

ಇನ್ನೊಂದು ಪಾಠವನ್ನು ‘ಟೈಟಾನಿಕ್’ ಕಲಿಸಿತು. ೧೯೧೨ನೆಯ ಏಪ್ರಿಲಿನಲ್ಲಿ ಮುಳುಗಿದ ಆ ಹಡಗಿನಲ್ಲಿ ೨೦ ಜೀವರಕ್ಷಕ ದೋಣಿಗಳಿದ್ದವು. ಅಂದಿನ ನಿಯಮವು ಕೇಳಿದ್ದು ೧೬ ಮಾತ್ರ. ಎಂದರೆ ಕಾನೂನಿನ ದೃಷ್ಟಿಯಿಂದ ಅದು ನಿರ್ದೋಷಿಯಾದ ಹಡಗು. ಆದರೆ ಆ ದೋಣಿಗಳೆಲ್ಲ ತುಂಬಿದರೂ ಹಡಗಿನಲ್ಲಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮಾತ್ರ ಸ್ಥಳ. ಹತ್ತು ಸಾವಿರ ಟನ್ನಿನ ಹಡಗುಗಳನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ನಿಯಮವನ್ನು ನಾಲ್ವತ್ತಾರು ಸಾವಿರ ಟನ್ನಿನ ಹಡಗಿಗೆ ಹಚ್ಚಲಾಗಿತ್ತು. ಸಾವಿರದ ಐದುನೂರು ಜನರು ಸತ್ತ ಮೇಲೆ, ೧೯೧೪ರಲ್ಲಿ, ಸಮುದ್ರದಲ್ಲಿ ಜೀವರಕ್ಷಣೆಯ ಮೊದಲನೆಯ ಅಂತರರಾಷ್ಟ್ರೀಯ ಒಪ್ಪಂದವಾಯಿತು. ನಿಯಮವನ್ನು ಪಾಲಿಸಿದ್ದೇವೆಂಬ ಉತ್ತರವು ಯಾವಾಗಲೂ ಸಾಕಾಗುವ ಉತ್ತರವಲ್ಲ.

ಪತ್ರವು ಸರಿಯಿದ್ದು ಹಡಗು ಕೆಟ್ಟಿರುವ ಪ್ರಸಂಗಗಳು ಇತ್ತೀಚೆಗೂ ಇಲ್ಲದಿಲ್ಲ. ೧೯೯೯ನೆಯ ಡಿಸೆಂಬರಿನಲ್ಲಿ ಫ್ರಾನ್ಸಿನ ತೀರದ ಹತ್ತಿರ ‘ಎರಿಕಾ’ ಎಂಬ ಎಣ್ಣೆ ಹಡಗು ಎರಡಾಗಿ ಮುರಿದು ಬಿದ್ದಿತು. ವಯಸ್ಸು ಸುಮಾರು ಇಪ್ಪತ್ತೈದು ವರುಷ. ಒಡಲು ತುಕ್ಕಿನಿಂದ ಜೀರ್ಣ. ಕೈಯಲ್ಲಿ ಮಾತ್ರ ವರ್ಗೀಕರಣ ಸಂಸ್ಥೆಯ ಯೋಗ್ಯತಾಪತ್ರ. ಹಡಗಿನ ಮಾಲೀಕನೇ ಸಂಬಳ ಕೊಟ್ಟು ತನಿಖೆ ಮಾಡಿಸಿಕೊಳ್ಳುವ ಪದ್ಧತಿಯಲ್ಲಿ ಇಂಥ ಭಯ ಯಾವಾಗಲೂ ಇದ್ದದ್ದೇ. ಫ್ರಾನ್ಸಿನ ನ್ಯಾಯಾಲಯಗಳು ಮಾಲೀಕನನ್ನಷ್ಟೇ ಅಲ್ಲ, ಪತ್ರ ಕೊಟ್ಟ ಸಂಸ್ಥೆಯನ್ನೂ ಹೊಣೆ ಹಿಡಿದವು. ೨೦೧೨ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯವು ಆ ತೀರ್ಪನ್ನು ಎತ್ತಿಹಿಡಿಯಿತು. ಸಹಿ ಮಾಡಿದವನು ಸಹಿಗೆ ಹೊಣೆ ಎಂಬ ಈ ತತ್ವವನ್ನು ನಮ್ಮ ದೇಶವೂ ಮನಸ್ಸಿಟ್ಟು ನೋಡಬೇಕು. ಇನ್ನೊಂದು ಕಡೆಯಲ್ಲಿ, ೧೯೮೭ನೆಯ ಮಾರ್ಚ್ ೬ರಂದು ಬೆಲ್ಜಿಯಮ್ಮಿನ ಝೀಬ್ರುಗ್ ಬಂದರಿನಿಂದ ಹೊರಟ ಇಂಗ್ಲಂಡದ ಹಡಗೊಂದು ಮುಂಬಾಗಿಲನ್ನು ಮುಚ್ಚದೆಯೇ ಕಡಲಿಗಿಳಿದು ೧೯೩ ಜನರ ಸಾವಿಗೆ ಕಾರಣವಾಯಿತು. ಒಡಲಲ್ಲಿ ದೋಷವಿರಲಿಲ್ಲ, ಬಾಗಿಲು ಮುಚ್ಚಿದೆಯೇ ಎಂದು ನೋಡುವ ಹೊಣೆ ಯಾರದೆಂಬದೇ ನೆಟ್ಟಗೆ ಗೊತ್ತಿರಲಿಲ್ಲ. ಅದರ ತರುವಾಯವೇ, ಹಡಗನ್ನಷ್ಟೇ ಅಲ್ಲ, ಹಡಗು ನಡೆಸುವ ಕಂಪನಿಯ ವ್ಯವಸ್ಥೆಯನ್ನೂ ತನಿಖೆ ಮಾಡಬೇಕೆಂಬ ನಿಯಮವು ಹುಟ್ಟಿ, ೧೯೯೮ರಿಂದ ಕಡ್ಡಾಯವಾಗಿ ಜಾರಿಗೆ ಬಂದಿತು.

ನಮ್ಮ ಕರಾವಳಿಗೆ ಈ ವಿಷಯವು ದೂರದ್ದೆಂದು ಯಾರೂ ತಿಳಿಯಕೂಡದು. ೨೦೦೬ನೆಯ ಮೇ ತಿಂಗಳ ಕೊನೆಯಲ್ಲಿ ‘ಓಶನ್ ಸೆರಾಯಾ’ ಎಂಬ ಹಡಗು ಕಾರವಾರದ ಹತ್ತಿರದ ಬಂಡೆಗಳಿಗೆ ತಾಗಿ ಎಣ್ಣೆಯು ತೀರಕ್ಕೆ ಹರಿಯಿತು. ೨೦೦೯ನೆಯ ಜುಲೈಯಲ್ಲಿ ‘ಏಶಿಯನ್ ಫಾರೆಸ್ಟ್’ ಎಂಬದು ಕಬ್ಬಿಣದ ಅದಿರಿನ ಪುಡಿಯನ್ನು ಹೊತ್ತು ಮಂಗಳೂರಿನ ಸಮೀಪ ಮುಳುಗಿತು. ಅದೇ ವರುಷದ ಸಪ್ಟೆಂಬರಿನಲ್ಲಿ ಅದೇ ಬಗೆಯ ಸರಕನ್ನು ಹೊತ್ತ ‘ಬ್ಲ್ಯಾಕ್ ರೋಜ್’ ಪಾರಾದೀಪದಲ್ಲಿ ಮುಳುಗಿತು. ೨೦೨೨ನೆಯ ಜೂನಿನಲ್ಲಿ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗು ಉಕ್ಕಿನ ಸುರುಳಿಗಳೊಡನೆ ಉಳ್ಳಾಲದ ಮುಂದೆ ಕೆಡೆಯಿತು. ತಟರಕ್ಷಣಾ ದಳದವರು ಅದರಲ್ಲಿದ್ದ ೧೫ ಜನರನ್ನು ಉಳಿಸಿದರು. ಈ ಹಡಗುಗಳಲ್ಲಿ ಒಂದೂ ನಮ್ಮ ಧ್ವಜದ್ದಲ್ಲ. ಎಣ್ಣೆ ಹರಿದದ್ದು ಮಾತ್ರ ನಮ್ಮ ತೀರದಲ್ಲಿ, ಬಲೆ ಕೆಟ್ಟದ್ದು ನಮ್ಮ ಮೊಗವೀರರದು.

ಅದಿರಿನ ಪುಡಿಯ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಏಕೆಂದರೆ ಅದು ಬಳ್ಳಾರಿಯ ಗಣಿಗಳಿಗೂ ನಮ್ಮ ಬಂದರುಗಳಿಗೂ ಸಂಬಂಧಪಟ್ಟದ್ದು. ಒಣಗಿದಂತೆ ಕಾಣುವ ಅದಿರಿನ ಪುಡಿಯು ಮಳೆಯಲ್ಲಿ ತೊಯ್ದು ಹಡಗಿನೊಳಗೆ ಬಿದ್ದರೆ, ಯಂತ್ರದ ನಡುಕಕ್ಕೂ ತೆರೆಯ ಹೊಯ್ದಾಟಕ್ಕೂ ಅದರೊಳಗಿನ ನೀರು ಮೇಲಕ್ಕೆ ಬಂದು, ಗಟ್ಟಿಯಾದ ರಾಶಿಯೇ ಕೆಸರಿನಂತೆ ಹರಿಯತೊಡಗುತ್ತದೆ. ಸಾವಿರಾರು ಟನ್ನು ಭಾರವು ಒಂದು ಬದಿಗೆ ಹರಿದರೆ ಯಾವ ಹಡಗೂ ನೆಟ್ಟಗೆ ನಿಲ್ಲಲಾರದು. ಇದಕ್ಕೆ ಔಷಧವು ಬಹು ಸುಲಭವಾದದ್ದು: ತುಂಬುವ ಮುಂಚೆ ಸರಕಿನ ಮಾದರಿಯನ್ನು ತೆಗೆದು ತೇವವೆಷ್ಟಿದೆಯೆಂದು ಪರೀಕ್ಷಿಸುವದು, ಮಿತಿ ಮೀರಿದ್ದರೆ ತುಂಬಗೊಡದಿರುವದು. ೨೦೧೧ನೆಯ ಜನವರಿ ೧ರಿಂದ ಇದಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಸಂಹಿತೆಯು ಕಡ್ಡಾಯವಾಗಿದೆ. ಆದರೆ ಧಕ್ಕೆಯಲ್ಲಿ ಹಡಗು ಕಾಯುತ್ತ ನಿಂತಾಗ, ದಿನವೊಂದಕ್ಕೆ ಲಕ್ಷಗಟ್ಟಲೆ ಬಾಡಿಗೆ ಏರುತ್ತಿರುವಾಗ, ‘ಸರಕು ತೊಯ್ದಿದೆ, ತುಂಬಕೂಡದು’ ಎಂದು ಹೇಳುವ ಒಬ್ಬ ಅಧಿಕಾರಿಯ ಗುಂಡಿಗೆಯ ಮೇಲೆ ಇಡೀ ಸಂಹಿತೆಯು ನಿಂತಿರುತ್ತದೆ. ಅವನ ಬೆನ್ನ ಹಿಂದೆ ಸರಕಾರವಿದೆಯೇ ಎಂಬದೇ ಪ್ರಶ್ನೆ.

೨೦೨೫ನೆಯ ಮೇ ೨೫ರಂದು ಕೊಚ್ಚಿಯ ಮುಂದೆ ‘ಎಂಎಸ್‌ಸಿ ಎಲ್ಸಾ ೩’ ಎಂಬ ಹಡಗು ೬೪೦ ಪೆಟ್ಟಿಗೆಗಳೊಡನೆ ಮುಳುಗಿದ್ದನ್ನು ವಾಚಕರು ಮರೆತಿರಲಾರರು. ಲೈಬೀರಿಯದ ಧ್ವಜ, ೧೯೯೭ರಲ್ಲಿ ಕಟ್ಟಿದ ಒಡಲು. ಸಿಬ್ಬಂದಿಯ ೨೪ ಜನರೂ ಬದುಕಿ ಬಂದದ್ದು ತಟರಕ್ಷಣಾ ದಳ ಮತ್ತು ನೌಕಾದಳಗಳ ಕೀರ್ತಿ. ಆದರೆ ಕೇರಳ ಮತ್ತು ತಮಿಳುನಾಡಿನ ತೀರಗಳಲ್ಲಿ ಪ್ಲಾಸ್ಟಿಕಿನ ಕಾಳುಗಳು ರಾಶಿರಾಶಿಯಾಗಿ ಬಂದು ಬಿದ್ದವು. ಸುಮಾರು ಎರಡು ವಾರಗಳ ತರುವಾಯ, ಜೂನ್ ೯ರಂದು, ಸಿಂಗಾಪುರದ ಧ್ವಜದ ‘ವಾನ್ ಹಾಯ್ ೫೦೩’ಕ್ಕೆ ಕೇರಳದ ಉತ್ತರತೀರದ ಮುಂದೆ ಬೆಂಕಿ ಬಿದ್ದಿತು. ಅದರಿಂದ ಪಾರಾದ ೧೮ ಜನರನ್ನು ತಂದಿಳಿಸಿದ್ದು ನಮ್ಮ ನವಮಂಗಳೂರು ಬಂದರಿನಲ್ಲಿ. ಗಾಯಗೊಂಡವರಿಗೆ ಆರೈಕೆ ಸಿಕ್ಕಿದ್ದು ಮಂಗಳೂರಿನಲ್ಲಿ. ನಾಲ್ವರು ಕಾಣೆಯಾದರು. ಪರದೇಶದ ಧ್ವಜದ ಹಡಗು ಎಂದು ನಾವು ಕೈಕಟ್ಟಿ ಕೂಡ್ರಬೇಕಾದದ್ದಿಲ್ಲ. ನಮ್ಮ ಬಂದರಿಗೆ ಬಂದ ಪರದೇಶೀ ಹಡಗನ್ನು ಹತ್ತಿ ತನಿಖೆ ಮಾಡುವ, ದೋಷವಿದ್ದರೆ ತಡೆಹಿಡಿಯುವ ಅಧಿಕಾರವು ನಮಗಿದೆ. ಹಿಂದೂ ಮಹಾಸಾಗರದ ದೇಶಗಳು ೧೯೯೮ರಲ್ಲಿ ಇದಕ್ಕಾಗಿಯೇ ಒಪ್ಪಂದ ಮಾಡಿಕೊಂಡಿವೆ. ಭಾರತವೂ ಅದರಲ್ಲಿ ಸೇರಿದೆ. ಈ ಅಧಿಕಾರವನ್ನು ಕಟ್ಟುನಿಟ್ಟಾಗಿ ಉಪಯೋಗಿಸುವ ಬಂದರಿಗೆ ಕೆಟ್ಟ ಹಡಗುಗಳು ಬರಲು ಅಂಜುತ್ತವೆ. ಸಡಿಲ ಬಿಟ್ಟ ಬಂದರಿಗೆ ಅವೇ ಹುಡುಕಿಕೊಂಡು ಬರುತ್ತವೆ.

ನಮ್ಮಲ್ಲಿ ಕಾನೂನಿಗೇನೂ ಕೊರತೆಯಿಲ್ಲ. ೧೯೪೯ರಲ್ಲಿ ನೌಕಾಯಾನದ ಮಹಾನಿರ್ದೇಶನಾಲಯವು ಸ್ಥಾಪಿತವಾಯಿತು. ೧೯೫೮ರಲ್ಲಿ ವಾಣಿಜ್ಯ ನೌಕಾ ಕಾನೂನಾಯಿತು. ೨೦೨೫ರಲ್ಲಿ ಸಂಸತ್ತು ಅದರ ಸ್ಥಾನದಲ್ಲಿ ಹೊಸ ಕಾನೂನನ್ನು ಮಾಡಿತು. ಪರದೇಶದ ವರ್ಗೀಕರಣ ಸಂಸ್ಥೆಗಳ ಬಾಗಿಲಲ್ಲಿ ನಿಲ್ಲುವದು ತಪ್ಪಲೆಂದು ೧೯೭೫ರಲ್ಲಿ ಭಾರತೀಯ ನೌಕಾ ರಜಿಸ್ಟರ್ ಸಂಸ್ಥೆಯು ಹುಟ್ಟಿತು. ಇಂದು ಅದು ಜಗತ್ತಿನ ಪ್ರಮುಖ ಸಂಸ್ಥೆಗಳ ಸಾಲಿನಲ್ಲಿ ಕುಳಿತಿದೆ. ಇದು ನಮಗೆ ಹೆಮ್ಮೆಯ ಸಂಗತಿ. ನದಿ, ಹಿನ್ನೀರುಗಳ ದೋಣಿಗಳಿಗಾಗಿ ೧೯೧೭ರ ಬ್ರಿಟಿಶ್ ಕಾಲದ ಕಾನೂನನ್ನು ತೆಗೆದು ೨೦೨೧ರಲ್ಲಿ ಹೊಸದನ್ನು ಮಾಡಲಾಯಿತು. ಅದರಂತೆ ನೋಂದಣಿ, ತನಿಖೆಗಳ ಭಾರವು ರಾಜ್ಯ ಸರಕಾರಗಳ ಮೇಲಿದೆ. ದೊಡ್ಡ ಹಡಗು ಕೇಂದ್ರದ್ದು, ಹೊಳೆಯ ದೋಣಿ ರಾಜ್ಯದ್ದು, ಮೀನಿನ ದೋಣಿ ಮೀನುಗಾರಿಕೆಯ ಖಾತೆಯದು, ವಿಹಾರ ಪ್ರವಾಸೋದ್ಯಮದ್ದು, ಜಾತ್ರೆಯ ಬಂದೋಬಸ್ತು ಪೋಲೀಸರದು. ಇಷ್ಟು ಜನ ಒಡೆಯರಿರುವ ಮನೆಯಲ್ಲಿ ಬಾಗಿಲಿಗೆ ಅಗಳಿ ಹಾಕುವವರು ಯಾರು? ಝೀಬ್ರುಗ್ಗಿನ ಹಡಗಿನ ಬಾಗಿಲು ತೆರೆದುಳಿದದ್ದೂ ಹೀಗೆಯೇ ಅಲ್ಲವೇ?

ಚಿಕ್ಕ ದೋಣಿಗಳ ವಿಷಯದಲ್ಲಿಯೇ ನಮ್ಮ ಕಳವಳವು ಹೆಚ್ಚಾಗಿದೆ. ದೊಡ್ಡ ಹಡಗಿನ ಬೆನ್ನಿಗೆ ವಿಮೆಯವರಿದ್ದಾರೆ, ವರ್ಗೀಕರಣದವರಿದ್ದಾರೆ, ಪ್ರತಿ ಬಂದರಿನಲ್ಲಿ ಪ್ರಶ್ನಿಸುವವರಿದ್ದಾರೆ. ಮಲ್ಪೆಯಿಂದ ಸೇಂಟ್ ಮೇರಿ ದ್ವೀಪಕ್ಕೆ, ಕಾರವಾರದಿಂದ ದ್ವೀಪಗಳಿಗೆ, ಶರಾವತಿ ಕಾಳಿಗಳ ಮೇಲೆ ಅತ್ತಿಂದಿತ್ತ, ಹೆಂಡಿರು ಮಕ್ಕಳೊಡನೆ ಹೋಗುವ ಸಾಮಾನ್ಯ ಜನರನ್ನು ಪ್ರಶ್ನಿಸಿ ಕಾಯುವವರು ಸ್ಥಳದ ಒಬ್ಬಿಬ್ಬ ನೌಕರರು ಮಾತ್ರ. ಬಯಲುಸೀಮೆಯಿಂದ ಬಂದ ಯಾತ್ರಿಕನಿಗೆ ಕಡಲೂ ಹೊಸದು, ದೋಣಿಯೂ ಹೊಸದು. ತುಂಬಿದ ಬಸ್ಸಿನಲ್ಲಿ ನಿಂತು ಹೋಗುವ ರೂಢಿಯವನು ತುಂಬಿದ ದೋಣಿಯಲ್ಲಿಯೂ ನಿಲ್ಲುತ್ತಾನೆ. ಎರಡಕ್ಕೂ ಇರುವ ಅಂತರವನ್ನು ಅವನು ಬಲ್ಲವನಲ್ಲ. ಬಲ್ಲವರು ಸುಮ್ಮನಿದ್ದರೆ ಅವನ ಸಾವಿಗೆ ಯಾರು ಹೊಣೆ?

ತನಿಖೆಯನ್ನು ಬಿಗಿ ಮಾಡಿದರೆ ಬಡ ದೋಣಿಯವನ ಹೊಟ್ಟೆಯ ಮೇಲೆ ಕಾಲಿಟ್ಟಂತಾಗುವದೆಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೇರಿಸಿ ಕೂತು, ಉಳಿದ ತಿಂಗಳುಗಳ ದುಡಿಮೆಯಿಂದ ವರುಷ ಕಳೆಯುವವನಿಗೆ ಪ್ರತಿಯೊಂದು ಶುಲ್ಕವೂ ಭಾರವೇ. ಅವನನ್ನು ಕಚೇರಿಯಿಂದ ಕಚೇರಿಗೆ ಅಲೆದಾಡಿಸಿ, ಕೊನೆಗೆ ಕೈ ಬಿಸಿ ಮಾಡಿದ ಮೇಲೆ ಪತ್ರ ಕೊಡುವ ಪದ್ಧತಿ ಎಲ್ಲಿಯಾದರೂ ಇದ್ದರೆ, ಅದು ತನಿಖೆಯಲ್ಲ, ಸುಲಿಗೆ. ಆದರೆ ಇದರ ಪರಿಹಾರವು ತನಿಖೆಯನ್ನು ಸಡಿಲಿಸುವದಲ್ಲ. ಅದನ್ನು ಸುಲಭವೂ ಪ್ರಾಮಾಣಿಕವೂ ಆಗಿ ಮಾಡುವದು. ವ್ಯಾಪಾರಕ್ಕೆ ತಡವಾಗುವದೆಂಬ ದೊಡ್ಡ ಮಾಲೀಕರ ಆಕ್ಷೇಪಕ್ಕೆ ಮಾತ್ರ ನಮ್ಮಲ್ಲಿ ಅಂಥ ಸಹಾನುಭೂತಿಯಿಲ್ಲ. ಪ್ಲಿಮ್‌ಸಾಲ್‌ರ ಕಾಲದ ಮಾಲೀಕರೂ ಇದನ್ನೇ ಹೇಳಿದ್ದರು. ರೇಖೆ ಬಂದ ಮೇಲೆ ಇಂಗ್ಲಂಡದ ವ್ಯಾಪಾರವೇನೂ ಮುಳುಗಲಿಲ್ಲ.

ಆದುದರಿಂದ ಸರಕಾರದ ಮುಂದೆ ನಾವು ಕೆಲವು ಸೂಚನೆಗಳನ್ನಿಡುತ್ತೇವೆ. ಮೊದಲನೆಯದಾಗಿ, ಜನರನ್ನು ಸಾಗಿಸುವ ಪ್ರತಿ ದೋಣಿಯ ಪಕ್ಕದ ಮೇಲೂ, ಅದು ಹೊರಡುವ ಧಕ್ಕೆಯ ಹಲಗೆಯ ಮೇಲೂ, ಎಷ್ಟು ಜನರಿಗೆ ಅನುಮತಿ, ತನಿಖೆಯಾದದ್ದು ಎಂದು, ಪತ್ರದ ಅವಧಿ ಎಂದಿನವರೆಗೆ ಎಂಬ ಮೂರು ಸಂಗತಿಗಳನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಿಸಬೇಕು. ಕಪಾಟಿನಲ್ಲಿರುವ ಪತ್ರವನ್ನು ಜನರು ಓದಲಾರರು. ಹಲಗೆಯ ಮೇಲಿನ ಅಂಕಿಯನ್ನು ಮಗುವೂ ಎಣಿಸಬಲ್ಲದು. ಎರಡನೆಯದಾಗಿ, ಜಾತ್ರೆ, ಉರುಸು, ರಜೆಯ ದಿನಗಳಲ್ಲಿ ದೋಣಿ ಹೊರಡುವದನ್ನು ತಡೆಯುವ ಅಧಿಕಾರವುಳ್ಳ ಒಬ್ಬನೇ ಅಧಿಕಾರಿಯನ್ನು ಮೊದಲೇ ಹೆಸರು ಹೇಳಿ ನೇಮಿಸಿ, ಧಕ್ಕೆಯಲ್ಲಿಯೇ ನಿಲ್ಲಿಸಬೇಕು. ಮೂರನೆಯದಾಗಿ, ಯಾವ ದೋಣಿಯನ್ನಾದರೂ ಮಾರ್ಪಡಿಸಿದರೆ ಹಳೆಯ ಪತ್ರವು ಆ ದಿನವೇ ರದ್ದಾಗಬೇಕು. ವಾಲುವಿಕೆಯ ಪರೀಕ್ಷೆಯನ್ನು ಹೊಸದಾಗಿ ಮಾಡಿದ ಹೊರತು ಒಬ್ಬ ಪ್ರಯಾಣಿಕನೂ ಅದನ್ನು ಹತ್ತಕೂಡದು.

ನಾಲ್ಕನೆಯದಾಗಿ, ತನಿಖೆ ಮಾಡುವವನಿಗೂ ದೋಣಿಯ ಉತ್ಪನ್ನ ವಸೂಲು ಮಾಡುವ ಖಾತೆಗೂ ಸಂಬಂಧವಿರಕೂಡದು. ಉತ್ಪನ್ನ ಹೆಚ್ಚಿಸುವದಕ್ಕೆ ಶಾಬಾಸಗಿರಿ ಪಡೆಯುವವನು ದೋಣಿಯನ್ನು ನಿಲ್ಲಿಸಲಾರನು. ಐದನೆಯದಾಗಿ, ಬಡ ದೋಣಿಯವರಿಗೆ ಲೈಫ್ ಜಾಕೆಟು ಮೊದಲಾದ ಸಾಮಗ್ರಿಗಳನ್ನು ಸಹಾಯಧನದಿಂದಲೋ ಕಡಿಮೆ ಬಡ್ಡಿಯ ಸಾಲದಿಂದಲೋ ಒದಗಿಸಬೇಕು. ಆರನೆಯದಾಗಿ, ಪ್ರತಿ ಅನಾಹುತದ ಚೌಕಶಿಯ ವರದಿಯನ್ನು ಗೊತ್ತಾದ ಅವಧಿಯೊಳಗೆ ಕನ್ನಡದಲ್ಲಿ ಪ್ರಕಟಿಸಬೇಕು. ಒಂದು ದೋಣಿ ಮುಳುಗಿದ್ದು ಏಕೆಂದು ನೂರು ದೋಣಿಯ ತಾಂಡೇಲರು ಓದಿ ತಿಳಿದರೆ ಮಾತ್ರ ಸತ್ತವರ ಸಾವಿನಿಂದ ಬದುಕಿರುವವರಿಗೆ ಏನಾದರೂ ಸಿಕ್ಕೀತು. ಕಡೆಯದಾಗಿ, ಈ ವಿದ್ಯೆಯನ್ನು ಕಲಿತ ತನಿಖೆಗಾರರ ಸಂಖ್ಯೆ ಹೆಚ್ಚಬೇಕು. ಕಡಲನ್ನು ತಲೆತಲಾಂತರದಿಂದ ಬಲ್ಲ ನಮ್ಮ ಕರಾವಳಿಯ ತರುಣರಿಗೆ ಯಂತ್ರವಿದ್ಯೆ, ನೌಕಾವಿದ್ಯೆಗಳನ್ನು ಕಲಿಸಿ ಈ ಕೆಲಸಕ್ಕೆ ತರುವದಕ್ಕಿಂತ ಒಳ್ಳೆಯ ಮಾರ್ಗವು ನಮಗೆ ತೋರುವದಿಲ್ಲ.

ಅಧಿಕಾರಿಗಳಿಗೆ ಒಂದು ಮಾತು. ನಮ್ಮ ವಾಚಕರಲ್ಲಿ ಅನೇಕರು ಸರಕಾರೀ ಹುದ್ದೆಯಲ್ಲಿರುವವರು. ‘ಸ್ವಲ್ಪ ನೋಡಿಕೊಳ್ಳಿರಿ’ ಎಂದು ಮೇಲಿನಿಂದ ಬರುವ ಒಂದು ಫೋನು ಎಷ್ಟು ಭಾರವಾಗಿರುತ್ತದೆಂಬದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ಹಡಗನ್ನು ತಡೆದ ಅಧಿಕಾರಿಗೆ ಮರುದಿನ ವರ್ಗಾವಣೆಯ ಹುಕುಮು ಬಂದರೆ, ಮೂರನೆಯ ದಿನ ತಡೆಯುವವರು ಯಾರೂ ಉಳಿಯುವದಿಲ್ಲ. ತಡೆದವನನ್ನು ರಕ್ಷಿಸುವದು ಮಂತ್ರಿಗಳ ಧರ್ಮ. ಫೋನು ಬಂದರೂ ಬಗ್ಗದಿರುವದು ಅಧಿಕಾರಿಯ ಧರ್ಮ. ಸಹಿಯ ಕೆಳಗೆ ತಾರೀಖು ಬರೆಯುವಾಗ ಆ ದೋಣಿಯಲ್ಲಿ ತನ್ನ ಮಕ್ಕಳೇ ಕುಳಿತಿದ್ದಾರೆಂದು ಭಾವಿಸಿ ಬರೆಯುವವನಿಗೆ ಬೇರೆ ಸಂಹಿತೆ ಬೇಕಾಗಿಲ್ಲ.

ಜನರಿಗೂ ಒಂದು ಮಾತು. ದೋಣಿ ತುಂಬಿದೆಯೆಂದು ತಾಂಡೇಲನು ಹೇಳಿದಾಗ ಅವನೊಡನೆ ಜಗಳವಾಡುವವರು ನಾವೇ. ಲೈಫ್ ಜಾಕೆಟು ಕೊಟ್ಟರೆ ಬೆವರುವದೆಂದು ಕಳಚಿಡುವವರೂ ನಾವೇ. ಮುಂದಿನ ದೋಣಿಗೆ ಅರ್ಧ ಗಂಟೆ ಕಾಯುವದರಿಂದ ದೇವರ ದರ್ಶನದ ಪುಣ್ಯವೇನೂ ಕಡಿಮೆಯಾಗುವದಿಲ್ಲ. ಸರಕಾರದ ಕಣ್ಣು ಎಲ್ಲ ಧಕ್ಕೆಗಳ ಮೇಲೂ ಎಲ್ಲ ಹೊತ್ತಿನಲ್ಲಿಯೂ ಇರಲಾರದು. ಹತ್ತುವವನ ಕಣ್ಣು ಇರಬಲ್ಲದು.

ಪ್ರತಿವರುಷ ಏಪ್ರಿಲ್ ೫ರಂದು ‘ಲಾಯಲ್ಟಿ’ಯ ಪ್ರಥಮಯಾನದ ನೆನಪಿಗಾಗಿ ನಾವು ರಾಷ್ಟ್ರೀಯ ನೌಕಾದಿನವನ್ನು ಆಚರಿಸುತ್ತೇವೆ. ಭಾಷಣಗಳಾಗುತ್ತವೆ, ಆಗಲಿ. ಅದರೊಡನೆ ಜುಲೈ ೧೭ನ್ನೂ ನೆನೆಯುವದು ಯೋಗ್ಯವೆಂದು ನಮಗೆ ತೋರುತ್ತದೆ. ಅಂದು ರಾಜ್ಯದ ಪ್ರತಿಯೊಂದು ಬಂದರಿನಲ್ಲಿ, ಪ್ರತಿಯೊಂದು ಕಡವಿನಲ್ಲಿ ಜನಸಾಗಾಟದ ದೋಣಿಗಳನ್ನು ದಡಕ್ಕೆಳೆದು, ಜನರೆದುರಿನಲ್ಲಿಯೇ ಬಡಿದು ನೋಡಿ ತನಿಖೆ ಮಾಡುವ ಪದ್ಧತಿಯನ್ನು ಹಾಕಿಕೊಂಡರೆ, ಮಳೆಗಾಲವಾದುದರಿಂದ ಯಾರ ದುಡಿಮೆಗೂ ಅಡ್ಡಿಯಾಗದು. ದುರಸ್ತಿಗೂ ಕಾಲಾವಕಾಶ ಸಿಕ್ಕುವದು. ಸಂಬಂಧಪಟ್ಟವರು ಇದನ್ನು ವಿಚಾರಿಸಿ, ಬರುವ ಮಳೆಗಾಲದಿಂದಲೇ ಕಾರ್ಯಕ್ಕೆ ತರುವರೆಂದು ನಾವು ಆಶಿಸುತ್ತೇವೆ. ಕೂರ್ಮಗಡದ ಜಾತ್ರೆಯು ಪ್ರತಿವರುಷ ಬರುತ್ತದೆ, ಜನರೂ ಬರುತ್ತಾರೆ. ಅವರು ಮರಳಿ ಮನೆಗೆ ಮುಟ್ಟುವಂತೆ ಮಾಡುವದು ನಮ್ಮ ಸರಕಾರದ ಹೊಣೆ, ನಮ್ಮೆಲ್ಲರ ಹೊಣೆ.